ಬ್ಲೇಡಿನ ಹಿಂದಿನ ಕುರಿಚರ್ಮ

ಹನ್ನೊಂದು ಹೆಂಗಸರು ದಿನವಿಡೀ ನಗುತ್ತಿದ್ದರು. ಯಾರೂ ಜೋಕು ಹೇಳಿರುತ್ತಿರಲಿಲ್ಲ.

ಅದು ತಿನ್ನರಿನ ನಗು. ಮದ್ರಾಸಿನ ಪಲ್ಲಾವರಕ್ಕೂ ಕ್ರೋಂಪೇಟೆಗೂ ನಡುವೆ ನಮ್ಮ ಫ್ಯಾಕ್ಟರಿ. ನೈಲಾನ್ ಬಟ್ಟೆಗೆ ಪ್ಲಾಸ್ಟಿಕ್ ದ್ರಾವಣ ಬಳಿದು ಗಾಳಿದೋಣಿಗೆ, ಗುಡಾರಕ್ಕೆ, ನೀರು ತುಂಬುವ ದೊಡ್ಡ ಚೀಲಕ್ಕೆ ಬೇಕಾದ ಬಟ್ಟೆ ಮಾಡುತ್ತಿದ್ದೆವು. ದ್ರಾವಣವನ್ನು ತೆಳ್ಳಗೆ ಮಾಡಲು ತಿನ್ನರ್ ಸುರಿಯಬೇಕು. ತಿನ್ನರ್ ಮೂಗಿಗೆ ಹೋದರೆ ಮೊದಲು ತಲೆ ಹಗುರ. ಆಮೇಲೆ ನಗು. ಆಮೇಲೆ ವಾಂತಿ. ಮೇಲಿನವರು ಮೊದಲ ಎರಡನ್ನು ಮಾತ್ರ ನೋಡುತ್ತಿದ್ದರು. "ಕೋಟಿಂಗ್ ಸೆಕ್ಷನ್ನಿನವರು ಖುಷಿಯಾಗಿದ್ದಾರೆ" ಎನ್ನುತ್ತಿದ್ದರು.

ನಾನು ಪಾವನಾ. ಅಲ್ಲಿ ಲ್ಯಾಬ್ ಅಸಿಸ್ಟೆಂಟ್. ನಂಜನಗೂಡಿನ ಕಡೆಯವಳು. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಎರಡು ಸಾವಿರದ ಐದರಲ್ಲಿ ಮದ್ರಾಸಿಗೆ ಬಂದು ವೇಲಚೇರಿಯ ಹಾಸ್ಟೆಲಿನಲ್ಲಿದ್ದೆ. ಈಗ ಹೇಳುತ್ತಿರುವುದು ಬೋರಮ್ಮನ ಕಥೆ. ನಡುನಡುವೆ ನನಗೆ ನಗು ಬಂದರೆ ಅದು ತಿನ್ನರಿನದಲ್ಲ.

ಕೋಟಿಂಗ್ ಮಿಷಿನ್ನಿನಲ್ಲಿ ಆಳುದ್ದದ ಒಂದು ಉಕ್ಕಿನ ಬ್ಲೇಡು ಅಡ್ಡಕ್ಕೆ ಕೂತಿರುತ್ತದೆ. ಅದರ ಮುಂದೆ ದ್ರಾವಣ ಸುರಿಯುತ್ತಾರೆ. ಅಡಿಯಲ್ಲಿ ಬಟ್ಟೆ ಓಡುತ್ತದೆ. ದೋಸೆಹಿಟ್ಟನ್ನು ಸೌಟು ಸವರಿದ ಹಾಗೆ ಬ್ಲೇಡು ದ್ರಾವಣವನ್ನು ಸವರಿ ಕಳಿಸುತ್ತದೆ. ಬಟ್ಟೆ ಮುಂದೆ ಹೋಗಿ ಒಲೆಯೊಳಗೆ ಒಣಗುತ್ತದೆ. ನೋಡಲು ಸಲೀಸು. ಆದರೆ ಬ್ಲೇಡಿನ ಬೆನ್ನಿಗೆ ಸ್ವಲ್ಪ ದ್ರಾವಣ ಹತ್ತುತ್ತಿತ್ತು. ಗಾಳಿಗೆ ಒಣಗಿ ಉಂಡೆ ಕಟ್ಟುತ್ತಿತ್ತು. ಉಂಡೆ ಬಟ್ಟೆಯ ಮೇಲೆ ಬಿದ್ದರೆ ಕಲೆ. ಕಲೆ ಬಿದ್ದ ಬಟ್ಟೆಯ ದೋಣಿಯಲ್ಲಿ ಗಾಳಿ ನಿಲ್ಲುವುದಿಲ್ಲ. ಆ ಉಂಡೆಗೆ ಹೆಂಗಸರು 'ಗೊಣ್ಣೆ' ಎಂದು ಹೆಸರಿಟ್ಟಿದ್ದರು.

"ಬ್ಲೇಡಿಗೆ ನೆಗಡಿ ಕನಮ್ಮಿ. ಬೆಳಗಿಂದ ಸಂಜೆ ಗಂಟ ಮೂಗೊರ್ಸದೇ ನಮ್ಮ ಗೇಮೆ" ಎನ್ನುತ್ತಿದ್ದಳು ಬೋರಮ್ಮ.

ಹನ್ನೊಂದು ಜನರೂ ಕಾಂಟ್ರಾಕ್ಟಿನವರು. ಬಿದಿರುಕಡ್ಡಿಗೆ ಬಟ್ಟೆ ಸುತ್ತಿಕೊಂಡು, ಸೊಂಟ ಬಗ್ಗಿಸಿ, ಬ್ಲೇಡಿನಿಂದ ಒಂದು ಗೇಣು ದೂರ ಮುಖವಿಟ್ಟು ಒರೆಸಬೇಕು. ನಿಮಿಷಕ್ಕೊಮ್ಮೆ ಒರೆಸಬೇಕು. ಎಂಟು ಗಂಟೆ ಒರೆಸಬೇಕು. ಅಂಗೈ ಬಿರಿದು ರಕ್ತ ಒಸರುತ್ತಿತ್ತು. ಅನ್ನಕ್ಕೆ ತಿನ್ನರಿನ ರುಚಿ. ಅಮ್ಮಣ್ಣಿ ಎಂಬವಳ ಬೆರಳತುದಿಯನ್ನು ಬ್ಲೇಡು ತೆಗೆದುಕೊಂಡಿತ್ತು. ಅವಳ ಎದೆಹಾಲಿಗೂ ಆ ವಾಸನೆ ಹತ್ತಿ ಕೂಸು ಮೊಲೆ ಬಿಟ್ಟಿತು. ಅದನ್ನು ಹೇಳುವಾಗಲೂ ಅವಳು ನಗುತ್ತಿದ್ದಳು. ನಗು ನಿಲ್ಲಿಸಲು ಅವಳಿಂದ ಆಗುತ್ತಿರಲಿಲ್ಲ.

ಬೋರಮ್ಮ ಕೊಳ್ಳೇಗಾಲದ ಕಡೆಯವಳು. ಮದುವೆಯಾಗಿ ಕ್ರೋಂಪೇಟೆಗೆ ಬಂದು ಇಪ್ಪತ್ತೆರಡು ವರ್ಷ. ಗಂಡ ಚರ್ಮ ಹದ ಮಾಡುವ ಮಂಡಿಯಲ್ಲಿ ಸುಣ್ಣದ ಗುಂಡಿಗಿಳಿಯುತ್ತಿದ್ದ. ಕಾಲಿನ ಹುಣ್ಣು ಮಾಯದೆ ಮನೆ ಹಿಡಿದಿದ್ದ. ಮನೆಯಲ್ಲಿ ಮಂಡಿಯಿಂದ ತಂದ ಚರ್ಮದ ತುಂಡುಗಳು ಬಿದ್ದಿರುತ್ತಿದ್ದವು. ಉಣ್ಣೆ ಇದ್ದ ಒಂದು ಕುರಿಚರ್ಮದ ಪಟ್ಟಿಯನ್ನು ಅವಳು ಒಂದು ಸೋಮವಾರ ಬೆಳಗ್ಗೆ ಸೊಂಟಕ್ಕೆ ಸುತ್ತಿಕೊಂಡು ಫ್ಯಾಕ್ಟರಿಗೆ ತಂದಳು.

"ಗೊಣ್ಣೆ ಯಾಕೆ ಗಟ್ಟಿ ಆಯ್ತದೆ? ಒಣಗ್ತದೆ, ಅದ್ಕೆ. ಒಣಗಾಕೇ ಬುಡದಿದ್ರೆ?"

ಉಣ್ಣೆಯನ್ನು ಕತ್ತರಿಯಿಂದ ಸಮನಾಗಿ ಗಿಡ್ಡ ಮಾಡಿದಳು. ಚರ್ಮಕ್ಕೆ ತಿನ್ನರ್ ಕುಡಿಸಿದಳು. ಉಣ್ಣೆಯ ಮೈ ಬ್ಲೇಡಿನ ಬೆನ್ನಿಗೆ ತಾಕುವಂತೆ ತಂತಿಯಿಂದ ಬಿಗಿದಳು. ಮೇಲಿಂದ ತೊಟ್ಟು ತೊಟ್ಟಾಗಿ ತಿನ್ನರ್ ಬೀಳಲು ತಳ ತೂತು ಮಾಡಿದ ಒಂದು ಡಬ್ಬ ನೇತುಹಾಕಿದಳು. ಮಿಷಿನ್ ಶುರುವಾಯಿತು.

ನೂರು ಮೀಟರ್ ಹೋಯಿತು. ಗೊಣ್ಣೆ ಇಲ್ಲ. ಇನ್ನೂರು ಹೋಯಿತು. ಇಲ್ಲ. ಹೆಂಗಸರು ಕಡ್ಡಿ ಹಿಡಿದು ಬಗ್ಗಿಯೇ ನಿಂತಿದ್ದರು. ಬಗ್ಗಿದ್ದು ಸುಮ್ಮನೆ ಎಂದು ಮೊದಲು ಅಮ್ಮಣ್ಣಿಗೆ ಹೊಳೆಯಿತು. ಅವಳು ನೆಟ್ಟಗಾದಳು. ಸೊಂಟ ಲಟಲಟ ಎಂದಿತು. ಒಬ್ಬೊಬ್ಬರಾಗಿ ಹನ್ನೊಂದೂ ಜನ ನೆಟ್ಟಗಾದರು. ಪಾಳಿಯ ನಡುವೆ ಅವರು ನೆಟ್ಟಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಲ್ಯಾಬಿನ ಗಾಜಿನ ಹಿಂದೆ ನಿಂತು ನಾನೂ ಕಾರಣವಿಲ್ಲದೆ ಬೆನ್ನು ನೆಟ್ಟಗೆ ಮಾಡಿಕೊಂಡೆ.

ಆಗ ವಿಷ್ಣುಮೂರ್ತಿ ಬಂದರು. ಟೆಕ್ನಿಕಲ್ ಮ್ಯಾನೇಜರ್. ಮೂರು ತಲೆಮಾರಿನಿಂದ ತ್ರಿಪ್ಲಿಕೇನಿನವರು. ಹಣೆಗೆ ಅಂಗಾರ, ಅಕ್ಷತೆ. ಮನೆಮಾತು ಕನ್ನಡ, ಅರ್ಧ ತಮಿಳು.

"ಏನದು, ಮಿಷಿನ್ ಮೇಲೆ ಕೂದಲು?"

"ಕುರಿಚರ್ಮ ಸಾ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯಯ್ಯೋ! ಚರ್ಮವಾ? ಪೂಜೆ ಮಾಡಿರೋ ಮಿಷಿನ್ ಮ್ಮಾ ಅದು! ಎಡು, ಎಡು! ತೆಗಿ ಮೊದಲು! ನಿಮ್ಮ ಬುದ್ಧಿ ತೋಲು ಬಿಟ್ಟು ಬೇರೆ ಎಲ್ಲಿಗೆ ಹೋಗತ್ತೆ?"

ಬೋರಮ್ಮನ ಕೈಯಿಂದಲೇ ಪಟ್ಟಿ ತೆಗೆಸಿದರು. ಅವಳ ಕೈಯಿಂದಲೇ ಬ್ಲೇಡನ್ನು ಮೂರು ಸಲ ಸೋಪು ಹಾಕಿ ತೊಳೆಸಿದರು. ವಾಚ್‌ಮನ್‌ನನ್ನು ಕರೆದು ಅರಿಶಿನದ ನೀರು ಚಿಮುಕಿಸಿದರು. ಎಲ್ಲರ ಮುಂದೆ ಹೇಳಿದರು: "ಮೂರು ದಿನ ನೀನು ಗೇಟ್ ಕಿಟ್ಟ, ಹತ್ತಿರ ಕೂಡ ಬರಬೇಡ." ಬೋರಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಟಳು. ಹತ್ತು ಜನ ಮತ್ತೆ ಬಗ್ಗಿದರು.

ನಾಲ್ಕು ಗಂಟೆಗೆ ತಪಾಸಣೆಯ ಚೀಟಿ ಲ್ಯಾಬಿಗೆ ಬಂತು. ನಾನು ಓದಿದೆ. "ಬೆಳಗಿನ ರೋಲು, ನಾನೂರು ಮೀಟರ್. ಕಲೆ ಸೊನ್ನೆ ಸಾರ್."

"ಸೊನ್ನೆಯಾ?"

"ಸೊನ್ನೆ."

ವಿಷ್ಣುಮೂರ್ತಿ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. "ಪಾವನಾ, ಆ ತೋಲು ಎಲ್ಲಿ?"

"ಕಸದ ಡ್ರಮ್ಮಿನಲ್ಲಿ ಸಾರ್."

"ತಗೊಂಡು ಬಾ. ಗ್ಲೌಸ್ ಹಾಕ್ಕೋ."

ಮೂರು ವಾರ ಲ್ಯಾಬಿನಲ್ಲಿ ನಾಟಕ. ವಿಷ್ಣುಮೂರ್ತಿಗೆ ಉಪಾಯ ಬೇಕು, ಚರ್ಮ ಬೇಡ. ಸ್ಪಂಜು ಕಟ್ಟಿದೆವು. ಅದು ಕರಗಿ ಅಂಟಾಯಿತು. ಹತ್ತಿಬಟ್ಟೆ ಕಟ್ಟಿದೆವು. ಹಪ್ಪಳವಾಯಿತು. ಮದ್ರಾಸಿನ ಪ್ಯಾರಿಸ್ ಕಾರ್ನರಿನ ಅಂಗಡಿಯಿಂದ ಉಣ್ಣೆ ಒತ್ತಿ ಮಾಡಿದ ಫೆಲ್ಟ್ ತರಿಸಿ ಕಟ್ಟಿದೆವು. ಕೂದಲು ಉದುರಿ ಅರವತ್ತು ಮೀಟರ್ ಬಟ್ಟೆಗೆ ಮೀಸೆ ಬೆಳೆಯಿತು. ನಾನು ಬಾತ್‌ರೂಮಿಗೆ ಹೋಗಿ ನಕ್ಕು ಬಂದೆ. ಕೊನೆಗೆ ಅವರೇ, "ಆಕೇನ ಕೂಗು" ಎಂದರು.

ಲ್ಯಾಬಿನೊಳಗೆ ಕಾಂಟ್ರಾಕ್ಟಿನವರಿಗೆ ಪ್ರವೇಶವಿಲ್ಲ. ಬೋರಮ್ಮ ಬಾಗಿಲಾಚೆ ನಿಂತೇ ಉತ್ತರ ಕೊಟ್ಟಳು. "ಅಂಗ್ಡಿ ಉಣ್ಣೆಗೆ ಬೇರಿಲ್ಲ. ಚರ್ಮದಾಗಿರೋ ಉಣ್ಣೆಗೆ ಬೇರದೆ. ಬೇರಿರೋ ಕೂದ್ಲು ಉದುರಾಕಿಲ್ಲ ಸಾ. ಚರ್ಮನ ಅರಳೆಣ್ಣೆ ಹಾಕಿ ಬಡೀಬೇಕು. ಇಲ್ದಿದ್ರೆ ತಿನ್ನರಿಗೆ ಸೆಟೆದೋಯ್ತದೆ."

ನಾನು ಲ್ಯಾಬಿನ ಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೊಂಡೆ. ಪಕ್ಕದಲ್ಲಿ 'ಬೋರಮ್ಮ ಹೇಳಿದ್ದು' ಎಂದು ಬರೆದೆ. ಧೈರ್ಯದಿಂದ ಬರೆದದ್ದಲ್ಲ. ಯಾರು ಹೇಳಿದರೆಂದು ಬರೆಯಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಅಭ್ಯಾಸಬಲ.

ತಿಂಗಳ ನಂತರ ವಿಷ್ಣುಮೂರ್ತಿ ಒಂದು ಕರಡನ್ನು ಟೈಪ್ ಮಾಡಲು ಕೊಟ್ಟರು. ಪೇಟೆಂಟ್ ಅರ್ಜಿ. ಕುರಿಚರ್ಮ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. 'ದ್ರವವನ್ನು ಹೀರಿ ಹರಿಸುವ, ಸಹಜ ನಾರುಳ್ಳ ಅಂಗ' ಎಂದಿತ್ತು. ಕಂಡುಹಿಡಿದವರು: ವಿಷ್ಣುಮೂರ್ತಿ.

"ಬೋರಮ್ಮನ ಹೆಸರು ಸಾರ್?"

ಅವರು ನಕ್ಕರು. "ಹಸು ಹಾಲು ಕೊಡತ್ತೆ ಮ್ಮಾ. ಅದಕ್ಕೆ ಅಂತ ಡೈರಿ ಬೋರ್ಡ್ ಮೇಲೆ ಹಸು ಹೆಸರು ಬರೀತಾರಾ? ಸೀಕ್ರಂ, ಬೇಗ ಟೈಪ್ ಮಾಡು."

ನಾನು ಟೈಪ್ ಮಾಡಿದೆ. ಇದನ್ನು ಮುಚ್ಚಿಡುವುದಿಲ್ಲ. ಒಂದಕ್ಷರ ತಪ್ಪಿಲ್ಲದೆ ಟೈಪ್ ಮಾಡಿದೆ. ಹಸು ಎಂದದ್ದು ನನಗೂ ಎಂದು ನನಗೆ ಗೊತ್ತಿತ್ತು. ನಮ್ಮಜ್ಜ ನಂಜನಗೂಡಿನ ಸಂತೆಯಲ್ಲಿ ಎಕ್ಕಡ ಹೊಲಿಯುತ್ತಿದ್ದವನು. ಫ್ಯಾಕ್ಟರಿಯಲ್ಲಿ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಮೊಸರನ್ನದ ಡಬ್ಬಿ ನೋಡಿ ಅವರವರಿಗೆ ಬೇಕಾದ ಜಾತಿಯನ್ನು ಅವರವರೇ ನನಗೆ ಕೊಟ್ಟುಕೊಂಡಿದ್ದರು. ನಾನು ಬೇಡ ಎಂದಿರಲಿಲ್ಲ.

ಅರ್ಜಿ ಹೋಯಿತು. ಕುರಿಚರ್ಮ ಮತ್ತೆ ಬ್ಲೇಡಿನ ಮೇಲೆ ಬಂತು. ಈ ಸಲ ಅರಿಶಿನದ ನೀರಿಲ್ಲ. ಪ್ರತಿ ಬೆಳಗ್ಗೆ ಅದನ್ನು ಕತ್ತರಿಸಿ ಬಿಗಿಯುವವಳು ಬೋರಮ್ಮನೇ. ಮುಂದಿನ ಶನಿವಾರ ವಿಷ್ಣುಮೂರ್ತಿ ಹೇಳಿದರು: "ಒರೆಸೋ ಕೆಲಸ ಈಗ ಎಲ್ಲಿದೆ? ನಾಲ್ಕು ಜನ ಪೋದುಂ, ಸಾಕು." ಅಮ್ಮಣ್ಣಿಯೂ ಸೇರಿ ಏಳು ಜನರನ್ನು ಗೇಟಿನಿಂದಾಚೆ ಕಳಿಸಿದರು.

ಅವತ್ತು ಸಂಜೆ ಕ್ರೋಂಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಬೋರಮ್ಮ ಒಬ್ಬಳೇ ಕೂತಿದ್ದಳು. ರೈಲು ಹತ್ತಬೇಕಾದವಳಲ್ಲ ಅವಳು. ಮನೆಗೆ ಹೋಗಲು ಕಾಲು ಬಂದಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ.

"ನೋಡಮ್ಮಿ, ಸೊಂಟ ನೆಟ್ಟಗಾಗ್ಲಿ ಅಂತ ಮಾಡ್ದೆ. ನನ್ನ ಕೈಯಿಂದ್ಲೇ ನನ್ನೋರ ಅನ್ನ ಕಿತ್ಬುಟ್ರಲ್ಲ."

ನಾನು ಅರ್ಜಿಯ ವಿಷಯ ಹೇಳಿದೆ. ಟೈಪ್ ಮಾಡಿದವಳು ನಾನೇ ಎಂದೂ ಹೇಳಿದೆ. ಹಸುವಿನ ಮಾತನ್ನೂ ಹೇಳಿದೆ. ಹೊಡೆದರೆ ಹೊಡೆಯಲಿ ಎಂದು ತಲೆ ತಗ್ಗಿಸಿದೆ. ಎರಡು ರೈಲು ಹೋದವು.

"ಹಸ ಅಂದ್ನಾ?" ಎಂದಳು ಆಮೇಲೆ.

"ಹೂಂ ಬೋರಕ್ಕ."

"ಹಸ ಒದೀತದೆ ಅಂತ ಗೊತ್ತಿಲ್ವಾ ಅವುನ್ಗೆ?"

ನಕ್ಕಳು. ಪ್ಲಾಟ್‌ಫಾರ್ಮಿನ ಜನ ತಿರುಗಿ ನೋಡುವಷ್ಟು ನಕ್ಕಳು. ನನಗೂ ತಡೆಯಲಾಗಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ನಗು ಬಂದು ಕೂತಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡೆವು.

ಎರಡು ವಾರಕ್ಕೆ ಹೊರದೇಶದಿಂದ ಇಬ್ಬರು ಖರೀದಿದಾರರು ಬಂದರು. ದೋಣಿ ಮಾಡುವವರು. ಗೊಣ್ಣೆಯಿಲ್ಲದ ಬಟ್ಟೆ ಹೇಗೆ ಆಗುತ್ತದೆಂದು ಕಣ್ಣಾರೆ ನೋಡಬೇಕು ಎಂದಿದ್ದರು. ಫ್ಯಾಕ್ಟರಿಗೆ ಸುಣ್ಣಬಣ್ಣವಾಯಿತು. ಮಿಷಿನ್ನಿಗೆ ಮಲ್ಲಿಗೆ ಹಾರ. ಬೆಳಗ್ಗೆ ವಿಷ್ಣುಮೂರ್ತಿ ಬೋರಮ್ಮನನ್ನು ಕರೆದರು.

"ಪಟ್ಟಿ ಕಟ್ಟಿ ಆಮೇಲೆ ಮಿಷಿನ್ ಪ್ಲಾಟ್‌ಫಾರ್ಮ್ ಕೆಳಗೆ ಕೂತ್ಕೋ. ಸಡಿಲ ಆದರೆ ಅಡಿಯಿಂದಾನೇ ಕೈ ಹಾಕಿ ಬಿಗಿ ಮಾಡು. ತಲೆ ಎತ್ತಬೇಡ. ಅವರಿಗೆ ನಿನ್ನ ಮುಖ ತೆರಿಯಕೂಡಾದು, ಕಾಣಬಾರದು. ಪುರಿಯುದಾ, ಅರ್ಥ ಆಯ್ತಾ?"

"ಪುರಿಯುದು ಸಾ" ಎಂದಳು ಬೋರಮ್ಮ.

ಪ್ಲಾಟ್‌ಫಾರ್ಮಿನ ಕೆಳಗೆ ಎರಡಡಿ ಜಾಗ. ತಿನ್ನರಿನ ಹೊಗೆ ಭಾರ, ಕೆಳಗೇ ಇಳಿಯುತ್ತದೆ. ಅವಳು ಮಂಡಿ ಮಡಚಿ ಒಳಗೆ ತೂರಿದಳು. ಖರೀದಿದಾರರ ಬೂಟುಗಳು ಅವಳ ತಲೆಯ ಮೇಲೆ ಓಡಾಡಿದವು. ವಿಷ್ಣುಮೂರ್ತಿ ಇಂಗ್ಲಿಷಿನಲ್ಲಿ, "ಇದು ನನ್ನ ಆರು ವರ್ಷಗಳ ಸಂಶೋಧನೆ" ಎಂದರು. ನಾನು ಫೈಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಮಿಷಿನ್ ಓಡಿತು. ಬಟ್ಟೆ ಕನ್ನಡಿಯ ಹಾಗೆ ಹೊರಟಿತು.

ಆಗ ಕೆಳಗಿನಿಂದ ಒಂದು ಕೈ ಬಂತು. ಆಮೇಲೆ ತಲೆ. ಆಮೇಲೆ ಬೋರಮ್ಮ ಪೂರ್ತಿ ಹೊರಗೆ ಬಂದಳು. ಮಂಡಿಯ ಧೂಳು ಕೊಡವಿಕೊಂಡಳು. ಯಾರ ಮುಖವನ್ನೂ ನೋಡಲಿಲ್ಲ. ನೇರ ಬ್ಲೇಡಿನ ಹತ್ತಿರ ಹೋಗಿ ತಂತಿ ಬಿಚ್ಚಿದಳು. ತೊಟ್ಟಿಕ್ಕುತ್ತಿದ್ದ ಕುರಿಚರ್ಮವನ್ನು ಹಿಂಡಿ, ಟವಲಿನ ಹಾಗೆ ಹೆಗಲ ಮೇಲೆ ಹಾಕಿಕೊಂಡಳು.

"ಏಯ್! ಏನ್ ಮಾಡ್ತಿದೀಯಾ!"

"ಇದು ನಂದು ಸಾ. ತಕ್ಕೊಂಡು ಹೋಯ್ತೀನಿ."

"ಕಟ್ಟು ಅದನ್ನ! ಈಗಲೇ ಕಟ್ಟು!"

"ಕಟ್ಟಾಕಿಲ್ಲ."

"ಕಟ್ಟು ಅಂದೆ!"

"ಕಟ್ಟಾಕಿಲ್ಲ ಕನಯ್ಯ. ಚರ್ಮ ನಂದು, ಬುದ್ಧಿ ನಂದು. ನೀ ಆರು ವರ್ಸ ಏನ್ ಕಡ್ದಿದ್ದೀಯೋ ಅದ್ನ ಕಟ್ಕೊಂಡು ಓಡ್ಸು, ನೋಡುವ."

ಮಿಷಿನ್ ಓಡುತ್ತಲೇ ಇತ್ತು. ಬ್ಲೇಡಿನ ಬೆನ್ನಿಗೆ ಮೊದಲ ಗೊಣ್ಣೆ ಕಟ್ಟಿತು. ದಪ್ಪಗಾಯಿತು. ತೂಗಿತು. ವಿಷ್ಣುಮೂರ್ತಿ ಉಳಿದ ಮೂವರತ್ತ ತಿರುಗಿ, "ತೊಡೈ! ತೊಡೈ! ಒರೆಸಿ!" ಎಂದು ಕಿರುಚಿದರು. ಮೂವರೂ ಬಿದಿರುಕಡ್ಡಿಗಳನ್ನು ಕೆಳಗಿಟ್ಟು ಕೈಕಟ್ಟಿ ನಿಂತರು. ಗೊಣ್ಣೆ ಪಟ್ಟಂತ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಸಾಲುಸಾಲಾಗಿ. ಖರೀದಿದಾರರಲ್ಲಿ ಒಬ್ಬ ಬಗ್ಗಿ ನೋಡಿ, "ಆಕೆ ತೆಗೆದುಕೊಂಡದ್ದು ಏನು?" ಎಂದು ಕೇಳಿದ. ವಿಷ್ಣುಮೂರ್ತಿಯ ಬಾಯಲ್ಲಿ ಚರ್ಮ ಎಂಬ ಮಾತು ಹೊರಡಲಿಲ್ಲ. "ಒಂದು... ಒಂದು ಅಂಗ" ಎಂದರು.

ನನ್ನ ಕೈಯಿಂದ ಫೈಲು ಜಾರಿತು. ನಕ್ಕುಬಿಟ್ಟೆ.

ನಾಲ್ವರೂ ಗೇಟು ದಾಟಿದರು. ಅಮ್ಮಣ್ಣಿಯವರಿಗೆ ಸುದ್ದಿ ಹೋಯಿತು. ಮಧ್ಯಾಹ್ನಕ್ಕೆ ಹನ್ನೊಂದೂ ಜನ ರೈಲು ಹತ್ತಿ ಮೆರೀನಾಕ್ಕೆ ಹೋದರು. ನಾನು ಐದು ಗಂಟೆಗೆ ಹೋಗಿ ಸೇರಿಕೊಂಡೆ. ಸೀರೆ ಮಂಡಿಗೆತ್ತಿ ನೀರಿನಲ್ಲಿ ನಿಂತಿದ್ದರು. ಅಲೆ ಬಂದಾಗ ಕೇಕೆ, ಹೋದಾಗ ಕೇಕೆ. ಬೋರಮ್ಮ ಕಡಲೆ ಸುಂಡಲ್ ಪೊಟ್ಟಣ ಹಿಡಿದು ಹೇಳಿದಳು: "ನೋಡಮ್ಮಿ, ತಿನ್ನರ್ ಇಲ್ದೆನೂ ನಗು ಬತ್ತದೆ!" ಅಮ್ಮಣ್ಣಿ ಒದ್ದೆ ಮರಳಿನ ಮೇಲೆ ಮಲಗಿಬಿಟ್ಟಳು. ಕೆಲಸ ಹೋಗಿತ್ತು. ಹನ್ನೊಂದು ಮನೆಯ ಒಲೆಗೆ ನಾಳೆ ಏನೆಂದು ಗೊತ್ತಿರಲಿಲ್ಲ. ಆದರೂ ಅವತ್ತು ನಾವು ಕುಡಿದವರ ಹಾಗಿದ್ದೆವು.

ಪಲ್ಲಾವರದಲ್ಲಿ ತಿರುಮಲ ಎಂಬ ಹಳೆಯ ಯೂನಿಯನ್ ಲೀಡರ್ ಇದ್ದರು. ಅವರು ಕಾನೂನಿನ ಪುಸ್ತಕ ತಿರುವಿ ಹೇಳಿದರು: "ಪೇಟೆಂಟ್ ಇನ್ನೂ ಕೊಟ್ಟಿಲ್ಲ ತಾನೇ? ಕೊಡೋಕೆ ಮುಂಚೆ ಯಾರು ಬೇಕಾದರೂ ತಕರಾರು ಹಾಕಬಹುದು. ಕದ್ದದ್ದು ಅಂತ ತೋರಿಸಬೇಕು, ಅಷ್ಟೇ. ಸಾಕ್ಷಿ ಏನಿದೆ?"

ಎಲ್ಲರೂ ನನ್ನನ್ನು ನೋಡಿದರು. ಲ್ಯಾಬಿನ ಪುಸ್ತಕದಲ್ಲಿ 'ಬೋರಮ್ಮ ಹೇಳಿದ್ದು' ಎಂದು ಬರೆದಿದ್ದ ಪುಟದ ನಕಲು ನನ್ನ ಕೈಯಲ್ಲಿತ್ತು.

ತಕರಾರು ಅರ್ಜಿ ಹೋದ ಮೇಲೆ ವಿಷ್ಣುಮೂರ್ತಿ ನನ್ನನ್ನು ಕರೆದರು. ಎಂದಿನಂತೆ ಅವರ ಮೇಜಿನ ಮೇಲೆ ನೀರಿನ ಲೋಟ ಇಟ್ಟೆ. ಅವರು ಗುಟುಕರಿಸಿ ಒಂದು ಕಾಗದ ಮುಂದೆ ತಳ್ಳಿದರು. ಎಲ್ಲ ಪ್ರಯೋಗಗಳನ್ನೂ ವಿಷ್ಣುಮೂರ್ತಿಯವರೇ ಮಾಡಿದರೆಂದು ನಾನು ಪ್ರಮಾಣ ಮಾಡಬೇಕು.

"ಸೈನ್ ಹಾಕು. ಆ ಹೆಂಗಸರ ಜೊತೆ ನಿನಗೇನು ಮ್ಮಾ ಸಂಬಂಧ? ನೀನು ನಮ್ಮ ಹುಡುಗಿ ಮಾದಿರಿ, ಮನೆಮಗಳ ಹಾಗೆ."

"ಹಾಕಲ್ಲ ಸಾರ್."

"ಯಾಕೆ?"

ಕಾಗದವನ್ನು ಅವರ ಕಡೆಗೇ ತಳ್ಳಿದೆ. ಆಮೇಲೆ ಬಾಯಿಗೆ ತಾನಾಗಿಯೇ ಬಂತು. "ನಾನು ಮಾದಿಗರವಳು ಸಾರ್. ನಮ್ಮಜ್ಜ ಎಕ್ಕಡ ಹೊಲೀತಿದ್ದ. ಆ ಹೆಂಗಸರ ಜೊತೆ ಅದೇ ಸಂಬಂಧ."

ಅವರ ಕಣ್ಣು ನನ್ನ ಮುಖದ ಮೇಲೆ ನಿಲ್ಲಲಿಲ್ಲ. ಮೆಲ್ಲಗೆ ಇಳಿದು ನೀರಿನ ಲೋಟದ ಮೇಲೆ ಕೂತಿತು. ಅರ್ಧ ಖಾಲಿಯಾದ ಲೋಟ. ನಾನೂ ಅದನ್ನೇ ನೋಡಿದೆ.

"ಎರಡು ವರ್ಷದಿಂದ ಸಾರ್" ಎಂದೆ. "ದಿನಕ್ಕೆ ನಾಲ್ಕು ಲೋಟ."

ಆ ಕೋಣೆಯಿಂದ ಹೊರಗೆ ಬರುವಾಗ ನನ್ನ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ. ನೌಕರಿ ಹೋಯಿತೆಂದು ತಿಳಿದದ್ದು ಬಸ್ಸು ಹತ್ತಿದ ಮೇಲೆ.

ಗಿಂಡಿಯ ಪೇಟೆಂಟ್ ಕಚೇರಿಯಲ್ಲಿ ವಿಚಾರಣೆ ನಡೆದದ್ದು ಎರಡು ಸಾವಿರದ ಏಳರ ಆಗಸ್ಟ್‌ನಲ್ಲಿ. ಉದ್ದದ ಮೇಜು. ಅಧಿಕಾರಿ ನಡುವಯಸ್ಸಿನ ತಮಿಳು ಹೆಂಗಸು, ಮಿತಮಾತಿನವರು. ಆ ಕಡೆ ಕಂಪನಿಯ ವಕೀಲರು, ವಿಷ್ಣುಮೂರ್ತಿ. ಈ ಕಡೆ ಬೋರಮ್ಮ, ನಾನು, ತಿರುಮಲ. ಉಳಿದ ಹತ್ತು ಜನ ಹೊರಗೆ ಮೆಟ್ಟಿಲ ಮೇಲೆ.

ವಕೀಲರು ಹೇಳಿದರು: "ಇದು ವಿಜ್ಞಾನ. ಈಕೆ ನಾಲ್ಕನೇ ಕ್ಲಾಸು. ಪುಸ್ತಕದಲ್ಲಿ 'ಹೇಳಿದ್ದು' ಅಂತಿದೆ. ಹೇಳುವುದು ಬೇರೆ, ಕಂಡುಹಿಡಿಯುವುದು ಬೇರೆ."

ಅಧಿಕಾರಿ ಪುಸ್ತಕದ ಪುಟದ ನಕಲಿನಲ್ಲಿ ತಾರೀಖು ನೋಡಿದರು. ಅರ್ಜಿಯ ತಾರೀಖು ನೋಡಿದರು. ಬೋರಮ್ಮ ತಂದಿದ್ದ ಪೇಪರ್ ಪೊಟ್ಟಣ ಬಿಚ್ಚಿಸಿದರು. ಕುರಿಚರ್ಮ ಮೇಜಿನ ಮೇಲೆ ಬಂತು. ಹೊಸ ಪಟ್ಟಿ, ಇನ್ನೂ ಕತ್ತರಿಸಿರಲಿಲ್ಲ. ಅವರು ಅದನ್ನು ವಿಷ್ಣುಮೂರ್ತಿಯ ಮುಂದಕ್ಕೆ ಸರಿಸಿದರು. ಕತ್ತರಿಯನ್ನೂ ಇಟ್ಟರು.

"ಉಣ್ಣೆ ಎಷ್ಟು ಗಿಡ್ಡ ಇರಬೇಕು, ಯಾವ ಕಡೆಗೆ ಕತ್ತರಿಸಬೇಕು? ತೋರಿಸಿ."

ವಿಷ್ಣುಮೂರ್ತಿ ಕೈ ಚಾಚಿದರು. ಕೈ ಅರ್ಧದಲ್ಲಿ ನಿಂತಿತು. ಜೇಬಿನಿಂದ ಕರ್ಚೀಫು ತೆಗೆದರು. ಕರ್ಚೀಫು ಬಿಡಿಸಿ, ಅದರ ಮೂಲಕ ಎರಡೇ ಬೆರಳಲ್ಲಿ ಪಟ್ಟಿಯ ತುದಿ ಹಿಡಿದರು. ಪಟ್ಟಿ ಜಾರಿ ಅವರ ತೊಡೆಯ ಮೇಲೆ ಬಿತ್ತು. ಮೈಮೇಲೆ ಹಾವು ಬಿದ್ದವರಂತೆ ಅವರು ಎದ್ದು ನಿಂತರು. ಕುರ್ಚಿ ಉರುಳಿತು.

ಅಧಿಕಾರಿ ಪೆನ್ನು ಕೆಳಗಿಟ್ಟರು. "ನೀವು ಕಂಡುಹಿಡಿದದ್ದನ್ನು ನೀವೇ ಮುಟ್ಟುವುದಿಲ್ಲವೇ?"

ಬೋರಮ್ಮ ಎದ್ದು ಹೋಗಿ ನೆಲದ ಮೇಲಿಂದ ಪಟ್ಟಿ ಎತ್ತಿಕೊಂಡಳು. ಮಗುವಿನ ತಲೆ ಸವರಿದ ಹಾಗೆ ಉಣ್ಣೆ ಸವರಿದಳು. "ಇಂಗೆ ನೋಡವ್ವಾ" ಎಂದು ಕನ್ನಡದಲ್ಲೇ ಶುರು ಮಾಡಿ ತಮಿಳಿಗೆ ಹೊರಳಿದಳು. ಕೂದಲ ಎದುರಿಗೆ ಕತ್ತರಿ ಹಾಕಬೇಕು, ಕೂದಲ ಜೊತೆ ಹಾಕಬಾರದು. ಭತ್ತದ ಕಾಳಿನ ಉದ್ದ ಉಳಿಸಬೇಕು. ಉದ್ದ ಇದ್ದರೆ ಬ್ಲೇಡಿಗೆ ಸಿಕ್ಕುತ್ತದೆ, ಗಿಡ್ಡ ಇದ್ದರೆ ತಿನ್ನರ್ ಹಿಡಿಯುವುದಿಲ್ಲ. ಅಧಿಕಾರಿಯ ಸ್ಕೇಲೇ ಬ್ಲೇಡಾಯಿತು, ಟೀ ಲೋಟವೇ ಡಬ್ಬವಾಯಿತು. ಮೇಜಿನ ಮೇಲೆ ಟೀ ಹರಿಯಿತು. ಅಧಿಕಾರಿ ಫೈಲು ಎತ್ತಿ ಹಿಡಿದು ಬಗ್ಗಿ ನೋಡುತ್ತಲೇ ಇದ್ದರು. ಅವರ ತುಟಿಯ ಅಂಚು ನಗು ತಡೆಯಲು ಒದ್ದಾಡುತ್ತಿತ್ತು.

ಆದೇಶ ಅಂಚೆಯಲ್ಲಿ ಬೋರಮ್ಮನ ಮನೆಗೇ ಬಂತು. ವಿಷ್ಣುಮೂರ್ತಿಯ ಹೆಸರು ಹೋಗಬೇಕು. ಬೋರಮ್ಮನ ಹೆಸರು ಬರಬೇಕು. ಪೋಸ್ಟ್‌ಮನ್‌ನನ್ನು ನಿಲ್ಲಿಸಿಕೊಂಡು ಅವನಿಗೂ ಓದಿ ಹೇಳಿದೆ.

ಈಗ ಕಂಪನಿಗೆ ಇಕ್ಕಟ್ಟು. ಬೋರಮ್ಮ ತನ್ನ ಹಕ್ಕು ಬರೆದುಕೊಟ್ಟು ರುಜು ಹಾಕದಿದ್ದರೆ ಪೇಟೆಂಟ್ ಕಂಪನಿಯದಾಗುವುದಿಲ್ಲ. ಖರೀದಿದಾರರು ಕಾಗದ ಸರಿಯಾಗದೆ ಬಟ್ಟೆ ಕೊಳ್ಳುವುದಿಲ್ಲ ಎಂದಿದ್ದರು. ತಿರುಮಲ ಹೋಗಿ ಬೋರಮ್ಮನ ಮಾತು ಹೇಳಿ ಬಂದರು. ಹನ್ನೊಂದು ಜನರಿಗೂ ಕೆಲಸ, ಕಾಂಟ್ರಾಕ್ಟಲ್ಲ, ಕಾಯಂ. ಬ್ಲೇಡಿನ ಮೇಲೆ ಹೊಗೆ ಎಳೆಯುವ ಕೊಳವೆ. ಎರಡೂ ಆಗದೆ ರುಜು ಇಲ್ಲ. ಕಂಪನಿ ಒಂದೂವರೆ ತಿಂಗಳು ಎಳೆಯಿತು. ಬೆದರಿಸಿತು, ಬೇರೆಯವರಿಂದ ಪಟ್ಟಿ ಕಟ್ಟಿಸಿ ನೋಡಿತು, ಬಟ್ಟೆಗೆ ಮತ್ತೆ ಮೀಸೆ ಬೆಳೆಸಿತು. ಕೊನೆಗೆ ಒಪ್ಪಿತು. ಅಷ್ಟರಲ್ಲಿ ಇಬ್ಬರು ಊರು ಸೇರಿಕೊಂಡಿದ್ದರು. ಒಂಬತ್ತು ಜನಕ್ಕೆ ಕಾಯಂ ಪತ್ರ ಬಂತು. ಕೊಳವೆಯೂ ಬಂತು. ನನ್ನ ನೌಕರಿಯ ಮಾತು ಯಾರೂ ಎತ್ತಲಿಲ್ಲ. ನಾನೇ ಬೇಡ ಎಂದಿದ್ದೆ. ಅಂಬತ್ತೂರಿನ ಇನ್ನೊಂದು ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಅಲ್ಲಿ ಮೊದಲ ದಿನವೇ ನನ್ನ ಜಾತಿ ಹೇಳಿದೆ.

ರುಜುವಿಗಾಗಿ ಒಂದು ಭಾನುವಾರ ಬೆಳಗ್ಗೆ ಕಂಪನಿಯ ಕಾರು ಬೋರಮ್ಮನ ಬೀದಿಗೆ ಬಂತು. ಕಾಗದ ಹಿಡಿದು ಇಳಿದವರು ವಿಷ್ಣುಮೂರ್ತಿ. ಮೇಲಿನವರು ಅವರನ್ನೇ ಕಳಿಸಿದ್ದರು. ಬೀದಿಗೆ ಬೀದಿಯೇ ಹೊರಗೆ ಬಂದಿತ್ತು. ಬೋರಮ್ಮ ಗಂಡನನ್ನು ಕುರ್ಚಿಯ ಮೇಲೆ ಕೂರಿಸಿ, ತಾನು ಹೊಸ್ತಿಲ ಮೇಲೆ ಕೂತಳು.

"ಇಲ್ಲಿ ಸೈನ್ ಹಾಕಮ್ಮಾ."

"ಏನು ಬರ್ದದೆ ಅದ್ರಾಗೆ?"

"ಎಲ್ಲಾ ಸರಿಯಾಗಿದೆ. ಲಾಯರ್ ನೋಡಿದಾರೆ."

"ಓದು ಸಾ. ಕನ್ನಡದಾಗೆ ಓದು."

ಅವರು ನನ್ನ ಕಡೆ ನೋಡಿದರು. ನಾನು ಕೈ ಚಾಚಲಿಲ್ಲ. ಬೋರಮ್ಮ ಹೇಳಿದಳು: "ಅವ್ಳಲ್ಲ. ನೀನೇ ಓದು. ಎಲ್ರಿಗೂ ಕೇಳಂಗೆ."

ವಿಷ್ಣುಮೂರ್ತಿ ಗಂಟಲು ಸರಿ ಮಾಡಿಕೊಂಡರು. ಇಂಗ್ಲಿಷ್ ಸಾಲಿನ ಅಡಿಗೆ ಬೆರಳಿಟ್ಟು ಕನ್ನಡ ಮಾಡತೊಡಗಿದರು. "ನಾನು... ಬೋರಮ್ಮ..."

ಅಮ್ಮಣ್ಣಿ ಕಿಸಕ್ಕನೆ ನಕ್ಕಳು.

"ನಾನು, ಬೋರಮ್ಮ, ಕ್ರೋಂಪೇಟೆ ನಿವಾಸಿ... ಈ ಆವಿಷ್ಕಾರದ ನಿಜವಾದ, ಮೊದಲನೇ... ಕಂಡುಹಿಡಿದವಳು ನಾನೇ ಅಂತ... ಇದರಿಂದ ತಿಳಿಸ್ತೀನಿ..."

ಬೀದಿ ಬಿದ್ದು ಬಿದ್ದು ನಕ್ಕಿತು. ಶಿಳ್ಳೆ ಬಂತು. ಯಾರೋ ತಮಿಳಿನಲ್ಲಿ, "ಜೋರಾಗಿ, ಜೋರಾಗಿ!" ಎಂದು ಕೂಗಿದರು. ಬೋರಮ್ಮನ ಗಂಡ ಹುಣ್ಣಿನ ಕಾಲು ಮರೆತು ಎದ್ದು ನಿಂತುಬಿಟ್ಟಿದ್ದ. ವಿಷ್ಣುಮೂರ್ತಿಯ ಹಣೆಯ ಅಂಗಾರ ಬೆವರಿಗೆ ಕರಗಿ ಮೂಗಿಗೆ ಇಳಿಯುತ್ತಿತ್ತು.

ಬೋರಮ್ಮ ಮಾತ್ರ ನಗಲಿಲ್ಲ. ಪೆನ್ನು ತೆಗೆದುಕೊಂಡಳು. ಮುಚ್ಚಳ ಬಿಚ್ಚಿದಳು. ಆಮೇಲೆ ಕಿವಿಯ ಹಿಂದೆ ಕೈಯಿಟ್ಟು ತಲೆ ಓರೆ ಮಾಡಿದಳು.

"ಸರ್ಯಾಗಿ ಕೇಳ್ನಿಲ್ಲ ಸಾ," ಎಂದಳು. "ಮೊದ್ಲಿಂದ ಓದು."